ಒಂದೇ ಮನೆಯಲ್ಲಿ ಎರಡು ಕಾಯಿಲೆ

(ಬೆಳ್ಳೂರಿನಲ್ಲಿ ನಡೆದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಿರಿಯರೇ, ಪರದೆಯ ಆ ಬದಿಯಲ್ಲಿ ಕುಳಿತಿರುವ ತಾಯಂದಿರೇ, ಸಹೋದರಿಯರೇ, ಬಹಳ ಹೊತ್ತಿನಿಂದ ಗದ್ದಲ ಮಾಡದೆ ಕುಳಿತಿರುವ ಮಕ್ಕಳೇ,

ಯುವಕರ ಕುರಿತು ಮಾತನಾಡಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಯುವಕರ ಕುರಿತ ಭಾಷಣವೆಂದರೆ ಮೊಬೈಲು, ಬೈಕು, ಕೆಟ್ಟ ಸಹವಾಸ, ತಡರಾತ್ರಿಯ ಅಲೆದಾಟ. ಆ ಭಾಷಣ ನಿಮಗೆ ಬಾಯಿಪಾಠವಾಗಿದೆ, ನನಗೂ ಆಗಿದೆ. ಇಂದು ಬೈಕು ಹತ್ತಲಾಗದ, ಬೀದಿಯ ಕ್ರಿಕೆಟ್ಟನ್ನು ಕಿಟಕಿಯಿಂದ ಮಾತ್ರ ನೋಡುವ ಒಬ್ಬ ಹುಡುಗನ ಕುರಿತು ಮಾತನಾಡಲು ಅಪ್ಪಣೆ ಕೊಡಿ.

ಈ ಹೋಬಳಿಯಲ್ಲೂ ಇದರ ಹೊರಗೂ ನಾನು ಕಂಡ ಎರಡು ಮೂರು ಮನೆಗಳ ಸಂಗತಿಯನ್ನು ಒಂದೇ ಮನೆಯದೆಂಬಂತೆ ಹೇಳುತ್ತೇನೆ. ಆ ಮನೆ ಯಾವುದೆಂದು ಹುಡುಕಲು ಹೋಗಬೇಡಿ. ಹುಡುಗನಿಗೆ ಹದಿನಾರು ವರ್ಷ. ಬಲಗಾಲಿನ ಮಂಡಿ ಪೂರ್ತಿ ಚಾಚುವುದಿಲ್ಲ, ಕುಂಟುತ್ತಾನೆ. ತಂದೆ ಸರಕು ಸಾಗಿಸುವ ಆಟೋ ಓಡಿಸುತ್ತಾರೆ. ಅಕ್ಕ ಪಿಯುಸಿ ಓದುತ್ತಿದ್ದಳು. ಓದುತ್ತಿದ್ದಳು ಎಂದು ಏಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ. ಇನ್ನು ಅಮ್ಮಿ. ಈ ಮನೆಯ ಔಷಧಾಲಯ, ದಾದಿ, ಗುಮಾಸ್ತೆ ಎಲ್ಲವೂ ಆಕೆಯೇ. ಹುಡುಗನ ಫೈಲು ಎಲ್ಲಿದೆ, ಯಾವ ಮಾತ್ರೆ ಆಗದು, ಮಂಜುಗಡ್ಡೆ ಎಷ್ಟು ಹೊತ್ತು ಇಡಬೇಕು, ಎಲ್ಲ ಆಕೆಯ ತಲೆಯಲ್ಲಿದೆ, ಬೇರೆ ಯಾರ ತಲೆಯಲ್ಲೂ ಇಲ್ಲ. ಒಂದು ದಿನ ಆಕೆಗೆ ಸ್ತನದ ಕ್ಯಾನ್ಸರ್ ಎಂದು ವೈದ್ಯರು ಹೇಳಿದರು.

ಹುಡುಗನ ಕಾಯಿಲೆಯ ಹೆಸರು ಹಿಮೊಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಎನ್ನುತ್ತಾರೆ. ಹೆಸರು ಚೆಂದ, ರೋಗ ಚೆಂದವಲ್ಲ. ನಮ್ಮ ರಕ್ತ ಹೆಪ್ಪುಗಟ್ಟಲು ಹಲವು ಅಂಶಗಳು ಒಂದರ ನಂತರ ಒಂದು ಕೆಲಸ ಮಾಡಬೇಕು. ಅವುಗಳಲ್ಲಿ ಎಂಟನೆಯದು ಕೊರತೆಯಾದರೆ ಹಿಮೊಫಿಲಿಯಾ ಎ, ಒಂಬತ್ತನೆಯದು ಕೊರತೆಯಾದರೆ ಹಿಮೊಫಿಲಿಯಾ ಬಿ. ಮೊದಲನೆಯದು ಸುಮಾರು 5,000 ಗಂಡುಮಕ್ಕಳ ಜನನದಲ್ಲಿ ಒಬ್ಬರಿಗೆ ಬರುತ್ತದೆ. ಬೆರಳು ಕುಯ್ದರೆ ರಕ್ತ ಹರಿದು ಸತ್ತುಹೋಗುತ್ತಾರೆಂದು ಜನ ತಿಳಿದಿದ್ದಾರೆ. ಹಾಗಲ್ಲ. ನಿಜವಾದ ಶತ್ರು ಒಳಗಿನ ರಕ್ತಸ್ರಾವ. ಮಂಡಿ, ಮೊಣಕೈ, ಕಣಕಾಲಿನ ಕೀಲುಗಳ ಒಳಗೆ ರಕ್ತ ತುಂಬುತ್ತದೆ. ಮೊದಲು ಜುಮ್ಮೆನ್ನುತ್ತದೆ, ಬೆಚ್ಚಗಾಗುತ್ತದೆ, ಆಮೇಲೆ ಊದಿಕೊಂಡು ಸಹಿಸಲಾಗದ ನೋವು. ಮತ್ತೆ ಮತ್ತೆ ಹೀಗಾದರೆ ಕೀಲಿನ ಮೃದ್ವಸ್ಥಿ ಸವೆದು ಕಾಲು ಸೊಟ್ಟಗಾಗುತ್ತದೆ. ಈ ಹುಡುಗನ ಅಂಗವೈಕಲ್ಯ ಹುಟ್ಟಿನಿಂದ ಬಂದುದಲ್ಲ. ಸಮಯಕ್ಕೆ ಸಿಗದ ಒಂದೊಂದು ಚುಚ್ಚುಮದ್ದೂ ಅವನ ಮಂಡಿಯಲ್ಲಿ ಲೆಕ್ಕ ಬರೆದಿದೆ.

ಇದನ್ನು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಂಶದ ಕಾರಣದಿಂದ ರಾಜಮನೆತನದ ಕಾಯಿಲೆ ಎಂದು ಕರೆದರು. ಆದರೆ ವಿಕ್ಟೋರಿಯಾಳಿಗೆ ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊರ್ಡೋಬಾ ಪ್ರದೇಶದ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಎಂಬ ವೈದ್ಯಕೋಶದಲ್ಲಿ ಒಂದು ಹಳ್ಳಿಯ ಸಂಗತಿಯನ್ನು ದಾಖಲಿಸಿದ್ದಾರೆ. ಆ ಹಳ್ಳಿಯಲ್ಲಿ ಗಾಯಗೊಂಡ ಗಂಡಸರು ರಕ್ತ ನಿಲ್ಲದೆ ಸಾಯುತ್ತಿದ್ದರು. ವಸಡು ಉಜ್ಜಿಕೊಂಡ ಹುಡುಗನೊಬ್ಬನೂ ಹಾಗೆಯೇ ಸತ್ತನೆಂದು ಅವರು ಬರೆದರು. ಈ ರೋಗದ ಅತ್ಯಂತ ಹಳೆಯ ವೈದ್ಯಕೀಯ ವಿವರಣೆಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಎಣಿಸುತ್ತಾರೆ. ವೇದಿಕೆಗಳಲ್ಲಿ ಝಹ್ರಾವಿಯ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ಗುರುತಿಸಿದ ರೋಗವನ್ನು ನಮ್ಮದೇ ಗಲ್ಲಿಯಲ್ಲಿ ಗುರುತಿಸಲು ಮಾತ್ರ ಬಾರದು.

ಹೇಗೆಂದು ಕೇಳಿ. ನಮ್ಮಲ್ಲಿ ಈ ರೋಗ ಅನೇಕ ಬಾರಿ ಮೊದಲು ಬೆಳಕಿಗೆ ಬರುವುದು ಖತ್ನಾದ ದಿನ. ಮಗುವಿನ ರಕ್ತ ನಿಲ್ಲುವುದಿಲ್ಲ. ಬೂದಿ, ಪುಡಿ, ಬಟ್ಟೆ ಎಲ್ಲ ಮುಗಿದ ಮೇಲೆ ಆಸ್ಪತ್ರೆ. ಆ ಮನೆಯಲ್ಲಿಯೂ ಹಾಗೆಯೇ ಆಯಿತು. ಹುಡುಗನ ತಾಯಿಯ ಅಣ್ಣನೊಬ್ಬ ಚಿಕ್ಕಂದಿನಲ್ಲಿ ಹಲ್ಲು ಬಿದ್ದಾಗ ರಕ್ತ ನಿಲ್ಲದೆ ತೀರಿಕೊಂಡಿದ್ದ ಸಂಗತಿ ಮನೆಯ ಮುದುಕಿಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ. ತಾಯಿಯ ಕಡೆಯ ಗಂಡಸರಲ್ಲಿ ರಕ್ತ ನಿಲ್ಲದ ಇತಿಹಾಸವಿದ್ದರೆ ಖತ್ನಾಕ್ಕೆ ಮೊದಲು ರಕ್ತಪರೀಕ್ಷೆ ಮಾಡಿಸಲೇಬೇಕು. ರೋಗವಿದೆಯೆಂದು ತಿಳಿದರೆ, ಫ್ಯಾಕ್ಟರ್ ಕೊಟ್ಟು ಆಸ್ಪತ್ರೆಯಲ್ಲಿಯೇ ಮಾಡಿಸಬಹುದು. ಪ್ರಾಣಕ್ಕೆ ಅಪಾಯವಿದ್ದಲ್ಲಿ ಖತ್ನಾದ ಹೊಣೆಯೇ ಇಳಿದುಹೋಗುತ್ತದೆಂದು ಫಿಕ್ಹ್‌ನ ವಿದ್ವಾಂಸರು ಸ್ಪಷ್ಟವಾಗಿ ಹೇಳಿದ್ದಾರೆ. ಮದ್ರಸದಲ್ಲಿ ರುಖ್ಸತ್, ಅಂದರೆ ರೋಗಿಗೆ, ಪ್ರಯಾಣಿಕನಿಗೆ ಇರುವ ರಿಯಾಯಿತಿಗಳ ಪಾಠವನ್ನು ನಾನು ಚೆನ್ನಾಗಿಯೇ ಓದಿ ಅಂಕ ಪಡೆದೆ. ಆ ರಿಯಾಯಿತಿ ಬೇಕಾದ ಒಬ್ಬ ಹುಡುಗನ ಮುಖವನ್ನು ಅಂದು ಒಮ್ಮೆಯೂ ಊಹಿಸಿಕೊಂಡಿರಲಿಲ್ಲ.

ರೋಗ ಪತ್ತೆಯಾದ ಮೇಲೆ ದೋಷಾರೋಪಣೆ ಶುರುವಾಗುತ್ತದೆ. ಇದು ತಾಯಿಯ ಕಡೆಯಿಂದ ಬಂತೆಂದು ವೈದ್ಯರು ವಿವರಿಸಿದ್ದನ್ನು ಅತ್ತೆಯ ಮನೆಯವರು ತೀರ್ಪಾಗಿ ಕೇಳಿಸಿಕೊಂಡರು. ರೋಗವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ಈ ರೋಗ ಬರುವ ಸಾಧ್ಯತೆ ಅರ್ಧದಷ್ಟು, ಹೆಣ್ಣುಮಗು ವಾಹಕಳಾಗುವ ಸಾಧ್ಯತೆ ಅಷ್ಟೇ. ಹಾಗೆಂದು ಅದು ಆಕೆಯ ತಪ್ಪೇ? ಸುಮಾರು ಮೂರನೇ ಒಂದರಷ್ಟು ರೋಗಿಗಳ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದೇ ಇಲ್ಲ. ಅದು ಹೊಸದಾಗಿ ಉಂಟಾದ ಬದಲಾವಣೆ. ಸಂಬಂಧದೊಳಗೆ ಮದುವೆಯಾದುದರಿಂದ ಬಂತೆಂದು ಇನ್ನು ಕೆಲವರ ವಾದ. ತಲಸ್ಸೀಮಿಯಾದಂತಹ ರೋಗಗಳ ವಿಷಯದಲ್ಲಿ ಆ ಮಾತಿಗೆ ಅರ್ಥವಿದೆ, ಆ ಕುರಿತು ಇನ್ನೊಮ್ಮೆ ಮಾತನಾಡೋಣ. ಹಿಮೊಫಿಲಿಯಾಕ್ಕೆ ಅದು ಕಾರಣವಲ್ಲ.

ಈ ಎಲ್ಲ ಮಾತುಗಳನ್ನು ಹದಿನೈದು ವರ್ಷ ಕೇಳಿದ ಹೆಣ್ಣು, ತನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಾಗ ಏನು ಮಾಡಿದಳು? ಯಾರಿಗೂ ಹೇಳಲಿಲ್ಲ. ಗಂಟು ನೋಯುತ್ತಿರಲಿಲ್ಲ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುತೇಕ ನೋಯುವುದೇ ಇಲ್ಲ, ಅದೇ ಅದರ ಮೋಸ. ಹುಡುಗನ ಪರೀಕ್ಷೆ ಮುಗಿಯಲಿ ಎಂದುಕೊಂಡಳು. ರಮಝಾನ್ ಕಳೆಯಲಿ ಎಂದುಕೊಂಡಳು. ನಾದಿನಿಯ ಮದುವೆ ಆಗಲಿ ಎಂದುಕೊಂಡಳು. ಕೊನೆಗೆ ಕಂಕುಳಲ್ಲಿ ಇನ್ನೊಂದು ಗಂಟು ಕಾಣಿಸಿದಾಗ ಮಗಳಿಗೆ ಹೇಳಿದಳು. ಇಂದು ಭಾರತದ ಮಹಿಳೆಯರಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಬೇಗ ತಿಳಿದರೆ ಗುಣವಾಗುವ ಅವಕಾಶ ಬಹಳ. ಪರದೆಯ ಆ ಬದಿಯ ತಾಯಂದಿರೇ, ನಾಚಿಕೆ ಈಮಾನಿನ ಭಾಗವೆಂದು ನೀವೂ ಕಲಿತಿದ್ದೀರಿ, ನಾನೂ ಕಲಿತಿದ್ದೇನೆ. ವೈದ್ಯರ ಮುಂದೆ ಗಂಟನ್ನು ಮುಚ್ಚಿಡುವುದಕ್ಕೆ ಆ ಪಾಠದಲ್ಲಿ ಎಲ್ಲಿಯೂ ಜಾಗವಿಲ್ಲ.

ಇಲ್ಲಿಂದ ಆ ಮನೆಯ ದಿನಚರಿ ಹೇಗೆ ಬದಲಾಯಿತೆಂದು ನೋಡಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಇಲ್ಲಿಂದ ಸುಮಾರು ನೂರು ಕಿಲೋಮೀಟರು. ಸ್ವತಂತ್ರ ಭಾರತದ ಮೊದಲ ಸಚಿವ ಸಂಪುಟದಲ್ಲಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಹೊತ್ತು 1973ರಲ್ಲಿ ಆರಂಭವಾದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಅದು. ಕೀಮೋಥೆರಪಿ ಎಂದರೆ ಒಂದು ದಿನದ ಕೆಲಸವಲ್ಲ. ರಕ್ತಪರೀಕ್ಷೆಗೆ ಒಂದು ದಿನ, ಮದ್ದಿಗೆ ಒಂದು ದಿನ, ಬಿಳಿ ರಕ್ತಕಣ ಕಡಿಮೆಯಿದ್ದರೆ ಬರಿಗೈಯಲ್ಲಿ ಮರಳುವ ಇನ್ನೊಂದು ದಿನ. ತಂದೆ ಜೊತೆಗೆ ಹೋದರೆ ಅಂದು ಆಟೋ ಓಡದು. ಆಟೋ ಓಡದಿದ್ದರೆ ಅಂದು ಅಕ್ಕಿಯಿಲ್ಲ. ಹೀಗಾಗಿ ಅಕ್ಕ ಕಾಲೇಜು ಬಿಟ್ಟಳು. ಯಾರೂ ಬಿಡಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಮನೆಯಲ್ಲಿ ಇಬ್ಬರು ರೋಗಿಗಳಿದ್ದರೆ ಮೂರನೆಯ ಬಲಿ ಸದ್ದಿಲ್ಲದೆ ಹೆಣ್ಣುಮಗಳ ಓದು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾವು ವರ್ಷಕ್ಕೆ ನಾಲ್ಕು ಸಮಾವೇಶ ಮಾಡುತ್ತೇವೆ. ಆ ಮನೆಗೆ ವಾರಕ್ಕೆ ಎರಡು ದಿನ ಅಡುಗೆ ಮಾಡಿ ಕಳುಹಿಸಿದ್ದರೆ ಒಂದು ಸಮಾವೇಶಕ್ಕಿಂತ ಹೆಚ್ಚಿನ ಕೆಲಸವಾಗುತ್ತಿತ್ತು.

ಇನ್ನು ಹುಡುಗ. ಅವನಿಗೆ ಯಾರೂ ಏನನ್ನೂ ಹೇಳಲಿಲ್ಲ. ಅಮ್ಮಿಗೆ 'ಸ್ವಲ್ಪ ಆರಾಮವಿಲ್ಲ' ಎಂದರು. ಹದಿನಾರು ವರ್ಷದ, ಆಸ್ಪತ್ರೆಯಲ್ಲಿಯೇ ಅರ್ಧ ಬಾಲ್ಯ ಕಳೆದ ಹುಡುಗನಿಗೆ ಫೈಲಿನ ಮೇಲಿನ ಅಕ್ಷರ ಓದಲು ಬಾರದೇ? ಅವನು ಮೊದಲ ವಾರವೇ ಓದಿದ್ದ. ಹಿರಿಯರು ಅವನಿಗೆ ಗೊತ್ತಿಲ್ಲವೆಂದು ನಟಿಸಿದರು, ಅವನು ಹಿರಿಯರಿಗೋಸ್ಕರ ಗೊತ್ತಿಲ್ಲದವನಂತೆ ನಟಿಸಿದ. ಅದರ ಮೇಲೆ, ನೋಡಲು ಬಂದ ಬಂಧುವೊಬ್ಬರು ಅವನ ಎದುರಿನಲ್ಲಿಯೇ, ಇವನ ಚಿಂತೆಯಿಂದಲೇ ಆಕೆಗೆ ಹೀಗಾಯಿತು ಎಂದರು. ಚಿಂತೆಯಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯವಿಜ್ಞಾನ ಹೇಳಿಲ್ಲ. ಮಗನ ಕಾಯಿಲೆಗೂ ತಾಯಿಯ ಈ ಕಾಯಿಲೆಗೂ ಸಂಬಂಧವಿಲ್ಲ. ಆದರೆ ಆ ಮಾತನ್ನು ಆಡಿದವರು ಚಹಾ ಕುಡಿದು ಹೊರಟುಹೋದರು. ಹುಡುಗ ಅದನ್ನು ಇಟ್ಟುಕೊಂಡ.

ಇಟ್ಟುಕೊಂಡು ಏನು ಮಾಡಿದ? ತನ್ನ ರಕ್ತಸ್ರಾವಗಳನ್ನು ಬಚ್ಚಿಡತೊಡಗಿದ. ಮಂಡಿ ಜುಮ್ಮೆಂದರೆ ಹೇಳುತ್ತಿರಲಿಲ್ಲ. ಹೇಳಿದರೆ ಅಮ್ಮಿ ಎದ್ದು ಕೂರುತ್ತಾರೆ, ತಂದೆ ಆಟೋ ನಿಲ್ಲಿಸಬೇಕು, ಅಕ್ಕ ಅಳುತ್ತಾಳೆ. ಕಂಬಳಿಯ ಕೆಳಗೆ ಊದಿದ ಕಾಲನ್ನು ಇಟ್ಟುಕೊಂಡು ಹಲ್ಲು ಕಚ್ಚಿ ಮಲಗಿದ. ಬಂದವರೆಲ್ಲ 'ಮಾಶಾ ಅಲ್ಲಾಹ್, ಎಷ್ಟು ಸಬ್ರ್ ಇದೆ ಈ ಹುಡುಗನಿಗೆ' ಎಂದು ಹೊಗಳಿದರು. ನಾನೂ ಹೊಗಳಿದವರಲ್ಲಿ ಒಬ್ಬ. ಅವನ ಸಹನೆಯ ಕುರಿತು ಒಂದು ಲೇಖನ ಬರೆಯಬೇಕೆಂದುಕೊಂಡು ಪೆನ್ನು, ಪುಸ್ತಕ ಹಿಡಿದು ಹೋಗಿದ್ದೆ. ಹೆದರಿಕೆಯಾಗುತ್ತದೆಯೇ ಎಂದು ಕೇಳಿದೆ. ಇಂತಹ ಪ್ರಶ್ನೆಗಳನ್ನು ಕೇಳುವುದು ಪತ್ರಕರ್ತರ ದುರಭ್ಯಾಸ. ಅವನು, 'ಭಾಯ್, ನಾನು ಸುಮ್ಮನಿದ್ದರೆ ಒಬ್ಬರ ಖರ್ಚು ಉಳಿಯುತ್ತದೆ' ಎಂದ. ನಾವು ಸಹನೆಯೆಂದು ಕರೆದದ್ದು ಮನೆಯ ಲೆಕ್ಕಾಚಾರವಾಗಿತ್ತು. ಆ ಲೇಖನವನ್ನು ಬರೆಯಲಿಲ್ಲ.

ಈ ರೋಗದಲ್ಲಿ ಬಚ್ಚಿಟ್ಟ ಒಂದು ರಾತ್ರಿಯ ಬೆಲೆ ಏನೆಂದು ತಿಳಿಯಿರಿ. ಕೀಲಿನಲ್ಲಿ ರಕ್ತ ತುಂಬಲು ಆರಂಭವಾದ ಮೊದಲ ಗಂಟೆಗಳಲ್ಲಿ ಫ್ಯಾಕ್ಟರ್ ಕೊಟ್ಟರೆ ಕೀಲು ಉಳಿಯುತ್ತದೆ. ಮರುದಿನ ಕೊಟ್ಟರೆ ರಕ್ತ ನಿಂತೀತು, ಕೀಲಿಗೆ ಆದ ಹಾನಿ ಹಾಗೆಯೇ ಉಳಿದೀತು. ತಲೆಗೆ ಪೆಟ್ಟಾಗಿದ್ದರಂತೂ ನೋವು ಕಾಣಿಸಲೆಂದು ಕಾಯಲೇಬಾರದು. ಮೊದಲು ಫ್ಯಾಕ್ಟರ್, ಆಮೇಲೆ ಉಳಿದ ಪರೀಕ್ಷೆ. ಇನ್ನೊಂದು ಮಾತು. ಹುಡುಗನ ನೋವು ನೋಡಲಾಗದೆ ನೆರೆಯವರೊಬ್ಬರು ಅಂಗಡಿಯಿಂದ ಮಾತ್ರೆ ತಂದುಕೊಟ್ಟರು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂತಹ ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ಕೂಡ ಇವರಿಗೆ ಆಗದು. ಪ್ರೀತಿಯಿಂದ ಕೊಟ್ಟ ಮಾತ್ರೆಯೇ ಕಾಲನ್ನು ತೆಗೆದುಕೊಂಡೀತು. ಇದನ್ನು ಅಮ್ಮಿ ಒಬ್ಬಳೇ ತಿಳಿದಿದ್ದಳು, ಅಮ್ಮಿ ಆ ದಿನ ಬೆಂಗಳೂರಿನಲ್ಲಿದ್ದಳು.

ಇಂತಹ ಹುಡುಗ ಏನಾಗಬಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರಿಗೆ ಸ್ವತಃ ಹಿಮೊಫಿಲಿಯಾ ಇದೆ. ಅವರು ವೈದ್ಯರಾದರು, ರೋಗಶಾಸ್ತ್ರದ ಪ್ರಾಧ್ಯಾಪಕರಾದರು, ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯನ್ನು ಕಟ್ಟಿದರು. ದೇಶದ ಮಟ್ಟದಲ್ಲಿ ಹಿಮೊಫಿಲಿಯಾ ಫೆಡರೇಷನ್ ಅನ್ನು 1983ರಲ್ಲಿ ಆರಂಭಿಸಿದ ಅಶೋಕ್ ವರ್ಮಾ ಅವರೂ ಇದೇ ರೋಗಿ. ಜಗತ್ತಿನ ಒಕ್ಕೂಟವನ್ನು 1963ರಲ್ಲಿ ಸ್ಥಾಪಿಸಿದ ಕೆನಡಾದ ಫ್ರ್ಯಾಂಕ್ ಶ್ನಾಬೆಲ್ ಕೂಡ ರೋಗಿಯೇ. ಅವರ ಜನ್ಮದಿನವಾದ ಏಪ್ರಿಲ್ 17ನ್ನು ವಿಶ್ವ ಹಿಮೊಫಿಲಿಯಾ ದಿನವೆಂದು ಆಚರಿಸುತ್ತಾರೆ. ಗಮನಿಸಿ, ಇವರು ಯಾರೂ ನೋವನ್ನು ಬಚ್ಚಿಟ್ಟವರಲ್ಲ. ಊರು ಕೇಳುವಂತೆ ಹೇಳಿದವರು, ಸರ್ಕಾರದ ಬಾಗಿಲು ಬಡಿದವರು. ಫ್ಯಾಕ್ಟರ್ ಇಂದು ಸರ್ಕಾರಿ ಜಿಲ್ಲಾಸ್ಪತ್ರೆಗಳ ಮೂಲಕ ಉಚಿತವಾಗಿ ಸಿಗುವ ವ್ಯವಸ್ಥೆ ಬಂದಿರುವುದರ ಹಿಂದೆ ಇಂತಹವರ ಗಲಾಟೆಯಿದೆ. ದಾಸ್ತಾನು ಮುಗಿದಿದೆ, ಮುಂದಿನ ವಾರ ಬನ್ನಿ ಎಂಬ ಉತ್ತರವನ್ನು ಕೇಳಿ ಸುಮ್ಮನೆ ಬಸ್ಸು ಹತ್ತುವ ನಮ್ಮ ಅಭ್ಯಾಸವನ್ನು ಬಿಡಬೇಕು. ಅಲ್ಲಿಯೇ ಲಿಖಿತವಾಗಿ ಕೊಡಿ ಎಂದು ಕೇಳಬೇಕು.

ಕಾನೂನಿನ ಮಾತಿಗೆ ಬಂದರೆ, 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ ಅವು 21 ಆದವು. ಹಿಮೊಫಿಲಿಯಾ, ತಲಸ್ಸೀಮಿಯಾ, ಸಿಕಲ್ ಸೆಲ್ ಈ ಮೂರು ರಕ್ತರೋಗಗಳೂ ಸೇರಿದವು. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇ. 5ರಷ್ಟು ಸ್ಥಾನ. ಆದರೆ ಸರ್ಕಾರಿ ಕೆಲಸದ ಶೇ. 4ರ ಮೀಸಲಾತಿಯ ಪಟ್ಟಿಯಲ್ಲಿ ಈ ರಕ್ತರೋಗಗಳ ಹೆಸರಿಲ್ಲ. ಓದಲು ಅಂಗವಿಕಲ, ದುಡಿಯಲು ಅಲ್ಲ, ಇದೆಂತಹ ತರ್ಕವೋ! ಕೀಲು ಕೆಟ್ಟಿರುವ ಹುಡುಗನಿಗೆ ಚಲನೆಯ ವೈಕಲ್ಯವನ್ನೂ ಅಳೆದು ದಾಖಲಿಸುವಂತೆ ವೈದ್ಯರ ಮಂಡಳಿಯನ್ನು ಕೇಳಿಕೊಳ್ಳಿ. ತಾಯಿಯ ಚಿಕಿತ್ಸೆಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಹಿಮೊಫಿಲಿಯಾ ರೋಗಿಗೂ ಚಿಕಿತ್ಸೆಯ ಪ್ರಯಾಣಕ್ಕೆ ರಿಯಾಯಿತಿಯಿದೆ, ಬಿ.ಜಿ. ನಗರದಲ್ಲಿ ನಿಲ್ದಾಣವೂ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಮೊಣಕೈಯಲ್ಲಿ ರಕ್ತ ತುಂಬಿದವನು ಮೂರು ಗಂಟೆ ಹೇಗೆ ಬರೆದಾನು? ಅರ್ಜಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿಯೇ ಕಳುಹಿಸಬೇಕು. ಇವೆಲ್ಲ ಯಾರೂ ಮನೆಗೆ ತಂದುಕೊಡುವ ಸಂಗತಿಗಳಲ್ಲ. ನಮ್ಮ ಪದವೀಧರ ಹುಡುಗರು ಇಬ್ಬರು ಕುಳಿತರೆ ಒಂದು ವಾರದಲ್ಲಿ ಆ ಮನೆಯ ಎಲ್ಲ ಅರ್ಜಿಗಳನ್ನು ತುಂಬಬಲ್ಲರು.

ನಮ್ಮೂರ ಪಕ್ಕದಲ್ಲಿಯೇ 1986ರಿಂದ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇವೆ. ಮಠ ಕಟ್ಟಿದ ಆಸ್ಪತ್ರೆಯಲ್ಲಿ ನಮ್ಮ ಹೆಣ್ಣುಮಕ್ಕಳ ಹೆರಿಗೆಯಾಗುತ್ತದೆ, ನಮ್ಮ ಮುದುಕರ ಕಣ್ಣು ತೆರೆಯುತ್ತದೆ. ಪತ್ರಿಕೆಗಳಲ್ಲಿ ಸಮುದಾಯಗಳ ನಡುವಿನ ಜಗಳ ಮಾತ್ರ ಸುದ್ದಿಯಾಗುವ ಕಾಲದಲ್ಲಿ ಇದನ್ನೂ ಹೇಳಬೇಕೆನಿಸಿತು. ಅಷ್ಟು ಹತ್ತಿರ ವೈದ್ಯರಿದ್ದೂ ನಾವು ಗಂಟನ್ನು, ಊತವನ್ನು ಬಚ್ಚಿಡುತ್ತೇವೆ.

ಮಸೀದಿಯ ವಿಷಯ. ಹುಡುಗ ಜುಮುಅಗೆ ಬರುವುದನ್ನು ನಿಲ್ಲಿಸಿದ. ಕಾಲು ಮಡಚದೆ ಕುಳಿತದ್ದಕ್ಕೆ ಯಾರೋ ತಿದ್ದಿದರು. ಕುರ್ಚಿ ತಂದದ್ದಕ್ಕೆ ಇನ್ಯಾರೋ, ಈ ವಯಸ್ಸಿಗೇ ಕುರ್ಚಿಯೇ ಎಂದರು. ಕುರುಡರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರನ್ನು ಪ್ರವಾದಿ(ಸ)ರವರು ಮದೀನಾದಲ್ಲಿ ತಮ್ಮ ಪ್ರತಿನಿಧಿಯಾಗಿ ನಿಲ್ಲಿಸಿದ ಪ್ರಸಂಗವನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಕೇಳಿ ಹೊರಬಂದು, ಚಪ್ಪಲಿ ಬಿಡುವ ಜಾಗದಲ್ಲಿ ನಾಲ್ಕು ಎತ್ತರದ ಮೆಟ್ಟಿಲುಗಳನ್ನು ಇಳಿಯುತ್ತೇವೆ. ಆ ಮೆಟ್ಟಿಲಿನ ಪಕ್ಕಕ್ಕೆ ಒಂದು ಇಳಿಜಾರು, ಹಿಡಿಯಲು ಒಂದು ಕಬ್ಬಿಣದ ಕಂಬಿ. ಮಿನಾರದ ಬಣ್ಣದ ಖರ್ಚಿನ ಒಂದು ಮೂಲೆಯಲ್ಲಿ ಮುಗಿದುಹೋಗುತ್ತದೆ. ಝಕಾತಿನ ಹಣವನ್ನೂ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಸೀರೆಯಾಗಿ, ಅಕ್ಕಿಯಾಗಿ ಹಂಚಿ ಮುಗಿಸುತ್ತೇವೆ. ಕೀಮೋ ಮೂರು ವಾರಕ್ಕೊಮ್ಮೆ ಬರುತ್ತದೆ, ರಮಝಾನಿಗಾಗಿ ಕಾಯುವುದಿಲ್ಲ.

ಆ ಮನೆಯಲ್ಲಿ ಈಗ ಕೆಲವು ಸಂಗತಿಗಳು ಬದಲಾಗಿವೆ. ಅಮ್ಮಿ ಒಂದು ಸಂಜೆ, ಕೂದಲು ಉದುರಿದ ತಲೆಗೆ ದುಪಟ್ಟಾ ಸುತ್ತಿಕೊಂಡು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ರೋಗದ ಹೆಸರನ್ನು ತಾನೇ ಹೇಳಿದಳು. ಎಷ್ಟು ಸುತ್ತು ಮದ್ದು, ಆಮೇಲೆ ಶಸ್ತ್ರಚಿಕಿತ್ಸೆ, ಆಮೇಲೆ ಏನೆಂದು ತನಗೂ ತಿಳಿಯದು ಎಂಬುದನ್ನೂ ಹೇಳಿದಳು. ಇಬ್ಬರೂ ಅತ್ತರಂತೆ. ನಂತರ ಹುಡುಗ ಕಂಬಳಿ ಸರಿಸಿ ಮಂಡಿ ತೋರಿಸಿದ. ಅಮ್ಮಿಗೆ ಕೋಪ ಬಂತು, ಬಹಳ ದಿನಗಳ ನಂತರ ಬಂದ ಹಳೆಯ ಕೋಪ. ಈಗ ಅವನು ನರಕ್ಕೆ ಫ್ಯಾಕ್ಟರ್ ಚುಚ್ಚಿಕೊಳ್ಳುವುದನ್ನು ದಾದಿಯರಿಂದ ಕಲಿಯುತ್ತಿದ್ದಾನೆ. ಪುಸ್ತಕವೊಂದರಲ್ಲಿ ಎಡಬದಿಯಲ್ಲಿ ತನ್ನ ರಕ್ತಸ್ರಾವದ ದಿನ, ಸಮಯ. ಬಲಬದಿಯಲ್ಲಿ ಅಮ್ಮಿಯ ಜ್ವರ, ಮಾತ್ರೆ, ಮುಂದಿನ ದಿನಾಂಕ. ಫೈಲುಗಳೆರಡೂ ಅವನ ಕಪಾಟಿನಲ್ಲಿವೆ. ಅಕ್ಕನ ಓದು ಮಾತ್ರ ಇನ್ನೂ ನಿಂತೇ ಇದೆ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟು ಪುಸ್ತಕ ಇಟ್ಟಿದ್ದೇವೆ. ಬೆಂಗಳೂರು, ಮಂಡ್ಯ, ಮೈಸೂರಿನ ಆಸ್ಪತ್ರೆಗಳಿಗೆ ರೋಗಿಗಳ ಜೊತೆ ತಿಂಗಳಿಗೆ ಒಂದು ದಿನ ಹೋಗಬಲ್ಲವರು ಹೆಸರು, ಬಿಡುವಿನ ವಾರವನ್ನು ಬರೆಯಿರಿ. ಮಹಿಳೆಯರ ಪುಸ್ತಕ ಪರದೆಯ ಆ ಬದಿಯಲ್ಲಿಯೇ ಇದೆ. ಸೋಮವಾರದ ಮೊದಲ ಬಸ್ಸಿಗೆ ಒಬ್ಬರು ಬೇಕಾಗಿದ್ದಾರೆ.